ಒತ್ತಿ ನೋಡದ ಗುಂಡಿ

ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅವಳು ಅನುಮಾನದಮ್ಮ. ಅಲ್ಲದೆ ಮತ್ತೇನು! ರೋಗಿಗಳ ನರಕ್ಕೆ ಹನಿಹನಿಯಾಗಿ ಔಷಧ ಬಿಡುವ ಪಂಪು ಅವರ ಕಂಪನಿಯದು. ಅದರ ಕೋಡ್ ಬರೆಯುವವರು ಬೇರೆ. ಆ ಕೋಡ್ ಏನು ಮಾಡುತ್ತದೆಂದು ಕೈಪಿಡಿಯಲ್ಲಿ ತಪ್ಪಿಲ್ಲದೆ ಬರೆಯುವುದು ಇವಳ ಕೆಲಸ. ಯಾರು ಏನೇ ಹೇಳಲಿ, ಮೇಜಿನ ಮೇಲಿನ ಪಂಪಿನಲ್ಲಿ ತಾನೇ ಗುಂಡಿ ಒತ್ತಿ ನೋಡದೆ ಒಂದು ಸಾಲೂ ಬರೆಯುತ್ತಿರಲಿಲ್ಲ. "ಇವ್ರು ಬೆಂಕಿ ಸುಡುತ್ತಾ ಅಂತಾನೂ ಮುಟ್ಟೇ ನೋಡ್ತಾರೆ" ಎಂದು ಜೊತೆಯವರು ನಗುತ್ತಿದ್ದರು. ನಗಲಿ, ನಕ್ಕರೆ ಇವಳ ಗಂಟೇನು ಹೋಗುತ್ತಿತ್ತು?

ಆದರೆ ಒಂದೇ ಒಂದು ಸಲ ಎಡವಿದಳು. ಕೋಡ್ ಬರೆಯುವ ಗಡ್ಡದವನು ಬಂದು, "ಮೇಡಂ, ಅಲಾರಂ ಸದ್ದು ನಿಲ್ಲಿಸೋ ಗುಂಡಿಯ ಕೋಡಲ್ಲಿ ಒಂಚೂರು ಕಸ ಗುಡಿಸಿದೀನಿ ಅಷ್ಟೇ. ಹೊರಗೇನೂ ಬದಲಾಗಿಲ್ಲ, ಕೈಪಿಡಿ ಹಾಗೇ ಇರ್ಲಿ" ಎಂದ. ಸುಳ್ಳು ಹೇಳುವ ಆಸಾಮಿಯಲ್ಲ ಅವನು. ತಾನು ಹೇಳಿದ್ದು ತಪ್ಪೆಂದು ಅವನಿಗೇ ಗೊತ್ತಿರಲಿಲ್ಲ. "ಆಯ್ತಪ್ಪ" ಎಂದು, ಗುಂಡಿ ಒತ್ತಿ ನೋಡದೆಯೇ 'ಪರೀಕ್ಷಿಸಿದೆ' ಎಂಬಲ್ಲಿ ಗುರುತು ಹಾಕಿಬಿಟ್ಟಳು. ಹೊಸ ಕೋಡ್ ಆಸ್ಪತ್ರೆಗಳಿಗೆ ಹೋಯಿತು.

ಆಮೇಲೆ ಅವಳ ಅಕ್ಕನ ಗಂಡನಿಗೆ ಆಪರೇಷನ್ ಆಯಿತು. ರಕ್ತದೊತ್ತಡ ಕುಸಿಯದಂತೆ ಪಂಪಿನಲ್ಲಿ ಔಷಧ ಹೋಗುತ್ತಿತ್ತು. "ನಿಮ್ಮ ಪಂಪೇ ಕಣೇ!" ಎಂದು ಅಕ್ಕ ಫೋನಿನಲ್ಲಿ ಹಿಗ್ಗಿದಳು. ಇವಳಿಗೆ ಮಾತ್ರ ಒತ್ತಿ ನೋಡದೆ ಬಿಟ್ಟ ಆ ಗುಂಡಿ ನೆನಪಾಯಿತು. ಊಟದ ಡಬ್ಬಿ ಮುಚ್ಚಿಟ್ಟು ಮೇಜಿನ ಪಂಪು ಹಚ್ಚಿದಳು.

ಕೊಳವೆ ಮಡಚಿ ಹಿಡಿದಳು. ಔಷಧ ಕಟ್ಟಿಕೊಂಡಿತೆಂದು ಅಲಾರಂ ಕೂಗಿತು. ಸದ್ದು ನಿಲ್ಲಿಸುವ ಗುಂಡಿ ಒತ್ತಿದಳು. ಕೊಳವೆ ಸರಿಯಾಗದಿದ್ದರೆ ಎರಡು ನಿಮಿಷಕ್ಕೆ ಮತ್ತೆ ಕೂಗುತ್ತದೆ ಎಂದು ಕೈಪಿಡಿಯಲ್ಲಿ ಬರೆದವಳು ಅವಳೇ. ಕಾದಳು. ಕೈ ಜೋಮು ಹಿಡಿದರೂ ಮಡಿಕೆ ಬಿಡದೆ ಕಾದಳು. ಪಂಪು ತುಟಿಪಿಟಕ್ಕೆನ್ನಲಿಲ್ಲ.

ಅಯ್ಯೋ ದೇವರೇ! ಇನ್ನೊಂದು ಕೈಯಲ್ಲಿ ಅಕ್ಕನಿಗೆ ಫೋನ್ ಹಚ್ಚಿದಳು.

"ಅಕ್ಕಾ, ಪಂಪು ಏನಾದ್ರೂ ಕೂಗ್ತಾ?"

"ಹೂಂ ಕಣೇ, ಆಗ್ಲೇ ಕೂಗ್ತಿತ್ತು. ನರ್ಸಮ್ಮ ಅವಸರದಲ್ಲಿದ್ರು, ಗುಂಡಿ ಒತ್ತಿ ಪಕ್ಕದ ವಾರ್ಡಿಗೆ ಓಡಿದ್ರು. ಸರಿಹೋಗದಿದ್ರೆ ಮತ್ತೆ ಕೂಗುತ್ತೆ, ಆಗ ಕರೀರಿ ಅಂದ್ರು. ನಿನ್ನ ಕೈಪಿಡೀಲೇ ಇದೆಯಂತಲ್ಲ! ಆಮೇಲೆ ಸದ್ದೇ ಇಲ್ಲ. ಅದಕ್ಕೇ ನೆಮ್ಮದಿಯಾಗಿ ಕೆಳಗೆ ಕಾಫಿಗೆ ಬಂದೆ."

"ಅಕ್ಕಾ, ಓಡು! ನಾನು ಬರೆದಿದ್ದು ತಪ್ಪು! ನರ್ಸನ್ನ ಕೂಗ್ತಾ ಓಡೇ!"

ಲೋಟ ಬಿದ್ದ ಸದ್ದು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಅಕ್ಕನ ಏದುಸಿರು, ಬಾಗಿಲು ತಳ್ಳಿದ ಸದ್ದು. ಎಲ್ಲ ಕೇಳಿಸುತ್ತಿತ್ತು. ಕೇಳಬೇಕಾದ ಆ ಅಲಾರಂ ಒಂದನ್ನು ಬಿಟ್ಟು.

"ರೀ," ಎಂದಳು ಅಕ್ಕ. ಆಮೇಲೆ ಇನ್ನೂ ಜೋರಾಗಿ, "ಏಳ್ರೀ... ಏಳ್ರೀ ಅಂದ್ರೆ!"

ಇವಳು ಮಡಚಿದ ಕೊಳವೆಯನ್ನು ಇನ್ನೂ ಬಿಟ್ಟಿರಲಿಲ್ಲ.