ಅಕ್ಕಿ ವ್ಯಾಪಾರಿಯ ಮನೆಯ ಹೊಸ್ತಿಲು

ದೊಡ್ಡ ಮ್ಯೂಸಿಯಂಗಳು ನನಗೆ ಆಗಿಬರುವುದಿಲ್ಲ. ಕಾಲು ನೋಯುತ್ತವೆಯೇ ಹೊರತು ತಲೆಯಲ್ಲಿ ಏನೂ ಉಳಿಯುವುದಿಲ್ಲ. ನನಗೆ ಬೇಕಾದ್ದು ಯಾವುದೋ ಸಣ್ಣ ಊರಿನ ಹಳೇ ಸೋಯಾ ಸಾಸ್ ಅಂಗಡಿ, ಬಾಚಣಿಗೆ ಮಾಡುತ್ತಿದ್ದವರ ಮನೆ, ಅಂಥವು. ಜಪಾನಿನಲ್ಲಿ ನಾವಿರುವ ಓಜಿಮಾದಲ್ಲಿ ನಮ್ಮ ಅಕ್ಕಪಕ್ಕದ ಬೆಂಗಳೂರಿನವರೆಲ್ಲ ನನ್ನ ಈ ಹುಚ್ಚು ಕಂಡು ನಗುತ್ತಾರೆ. ನಗಲಿ ಬಿಡಿ.

ಮೈಸೂರಿನಿಂದ ಅಮ್ಮ ಬಂದಾಗ ಅವಳನ್ನೂ ಎಳೆದುಕೊಂಡು ಹೊರಟೆ. ಜೊತೆಗೆ ಒಂಬತ್ತು ವರ್ಷದ ಮಗಳು. ಆಗ ನನ್ನ ಚಿಂತೆಯೆಲ್ಲ ಇವಳದೇ. ಹಿಂದಿನ ವಾರ ಲಿಫ್ಟಿನಲ್ಲಿ ಅವಳ ಕ್ಲಾಸಿನ ಹುಡುಗಿಯೊಬ್ಬಳು ಸೀರೆ ಉಟ್ಟ ಅಮ್ಮನನ್ನು ನೋಡಿ, ಇವರು ಯಾರು ಎಂದು ಜಪಾನೀಸಿನಲ್ಲಿ ಕೇಳಿದ್ದಳು. ನನ್ನ ಮಗಳು ಗೊತ್ತಿಲ್ಲ ಎಂದುಬಿಟ್ಟಳು! ಅಮ್ಮನಿಗೆ ಅರ್ಥವಾಗಲಿಲ್ಲ, ಇಬ್ಬರನ್ನೂ ನೋಡಿ ನಕ್ಕಳು. ಬೈದರೆ ಅಮ್ಮನಿಗೆ ವಿಷಯ ತಿಳಿಯುತ್ತದೆ, ಬೈಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಬೀದಿಯಲ್ಲಂತೂ ಮಗಳು ನಮ್ಮನ್ನು ಬಿಟ್ಟು ಮುಂದೆ ಮುಂದೆ ನಡೆಯುತ್ತಿದ್ದಳು. ಅಮ್ಮ ಊರಿಗೆ ಹೊರಡುವುದರೊಳಗೆ ಇದು ಸರಿಹೋಗುತ್ತದೋ ಇಲ್ಲವೋ ಎಂಬುದೇ ನನ್ನ ಸಂಕಟ.

ಆ ಶನಿವಾರ ನಾವು ಹೋದದ್ದು ಅಕ್ಕಿ ವ್ಯಾಪಾರಿಯೊಬ್ಬನ ಹಳೇ ಮನೆಗೆ. ಈಗ ಅದು ಪುಟ್ಟ ಮ್ಯೂಸಿಯಂ. ತೋರಿಸುತ್ತಿದ್ದವರು ಅಮ್ಮನ ವಯಸ್ಸಿನ ಒಬ್ಬ ಹೆಂಗಸು. ನಡುಮನೆಯ ಬಾಗಿಲಲ್ಲಿ ನಿಂತು, ಹೊಸ್ತಿಲು ತುಳಿಯಬೇಡಿ, ಯಜಮಾನನ ತಲೆ ತುಳಿದ ಹಾಗೆ ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಅಮ್ಮನ ಮುಖ ಅರಳಿತು.

"ನೋಡಿದ್ಯಾ, ನಮ್ಮಂಥೋರೇ ಕಣೇ ಇವ್ರೂ. ಆದ್ರೆ ಇಷ್ಟು ಚೆನ್ನಾಗಿರೋ ಹೊಸ್ತಿಲು ಬೋಳಾಗಿದ್ಯಲ್ಲ, ಪಾಪ."

ನಾನು ಮೇಲಿನ ತೊಲೆಗಳನ್ನು ನೋಡುತ್ತ ಮೈಮರೆತಿದ್ದೆ. ತಿರುಗುವಷ್ಟರಲ್ಲಿ ಅಮ್ಮ ಕೆಳಗೆ ಕೂತು, ಚೀಲದಿಂದ ಭರಣಿ ತೆಗೆದು, ಹೊಸ್ತಿಲಿಗೆ ಅರಿಸಿನ ಕುಂಕುಮ ಇಟ್ಟು ಕೈಮುಗಿದಾಗಿತ್ತು. ಮುಟ್ಟಬಾರದೆಂಬ ಬೋರ್ಡು ಪಕ್ಕದಲ್ಲೇ ಇತ್ತು.

ಆ ಹೆಂಗಸು ಹಲ್ಲಿನ ಸಂದಿಯಿಂದ ಉಸಿರೆಳೆದುಕೊಂಡರು. ಇಲ್ಲಿ ಆ ಒಂದು ಉಸಿರೇ ಸಾಕು, ನಮ್ಮ ಮಾನ ಹೋಯಿತೆಂದು ಲೆಕ್ಕ. ನಾನು ಗಡಬಡಿಸಿ ಒರೆಸಲು ಚೀಲದಲ್ಲಿ ಕರವಸ್ತ್ರ ಹುಡುಕತೊಡಗಿದೆ. ಹಿಂದೆ ಇನ್ನೊಂದು ಸಂಸಾರ ನಿಂತು ನೋಡುತ್ತಿತ್ತು, ಅದರಲ್ಲಿ ನನ್ನ ಮಗಳದೇ ವಯಸ್ಸಿನ ಹುಡುಗಿಯರಿಬ್ಬರು.

ಮುಂದಿನ ಕೋಣೆಗೆ ಹೋಗಿದ್ದ ಮಗಳು ವಾಪಸು ಬಂದಳು. ಹೊಸ್ತಿಲು ನೋಡಿದಳು, ಆ ಹುಡುಗಿಯರನ್ನು ನೋಡಿದಳು. ಸರಿ, ಈಗ ಇವಳು ಮೆಲ್ಲಗೆ ಹೊರಗೆ ಜಾರುತ್ತಾಳೆ ಎಂದುಕೊಂಡೆ. ಜಾರಲಿಲ್ಲ. ಅಜ್ಜಿಯ ಪಕ್ಕಕ್ಕೆ ಬಂದು, ಸೊಂಟ ಬಗ್ಗಿಸಿ, "ನಮ್ಮನೆ ಅಜ್ಜಿಯಿಂದ ತಪ್ಪಾಯಿತು, ದಯವಿಟ್ಟು ಕ್ಷಮಿಸಿ" ಎಂದು ಜಪಾನೀಸಿನಲ್ಲಿ ಹೇಳಿ, ತಲೆಯೆತ್ತದೆ ಹಾಗೇ ನಿಂತಳು. ಈ ದೇಶದಲ್ಲಿ ಹೀಗೆ ಬಾಗಿ ಕ್ಷಮೆ ಕೇಳುವುದು ತನ್ನವರ ಪರವಾಗಿ ಮಾತ್ರ. ಯಾರೋ ಹೊರಗಿನವರಿಗಾಗಿ ಯಾರೂ ಬಾಗುವುದಿಲ್ಲ.

ಆ ಹೆಂಗಸೂ ಅವಳಿಗೆ ಅಷ್ಟೇ ಬಾಗಿದರು. ಮೆತ್ತನೆಯ ಬಟ್ಟೆ ತಂದು ಒರೆಸಿದರು. ಪುಡಿಯಾದ್ದರಿಂದ ಪುಣ್ಯಕ್ಕೆ ಬಿಟ್ಟುಕೊಂಡಿತು. ನಾನು ಮಾತ್ರ ಮೂರ್ಖಳ ಹಾಗೆ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದೆ.

"ಏನಂತೆ ಅವಳದು?" ಅಮ್ಮ ಕೇಳಿದಳು.

"ನೀನು ಅವಳ ಅಜ್ಜಿಯಂತೆ."

"ಅದನ್ನೇನೇ ಹೊಸದಾಗಿ ಹೇಳೋದು? ಅದಕ್ಯಾಕೆ ಅಳ್ತಿದ್ದೀ ನೀನು?"