ವಾಚ್‌ಮನ್‌ನ ಪರವಾಗಿ ನಾನು ಕೇಳಿದ ಕ್ಷಮೆ

೧೯೮೪ರಲ್ಲಿ ಎಂಟನೇ ತರಗತಿಗೆ ನನ್ನ ಓದು ನಿಂತಿತು. ಮರುವರ್ಷ ಉಡುಪಿ ಕಡೆಯಿಂದ ಮುಂಬೈ ಪಕ್ಕದ ಠಾಣೆ ನಗರಕ್ಕೆ ಬಂದು ಲಿಫ್ಟ್ ರಿಪೇರಿ ಕೆಲಸಕ್ಕೆ ಸೇರಿದೆ. ಇಂಗ್ಲಿಷ್ ಬಾರದಿದ್ದರೂ ವೈರಿಂಗ್ ನಕ್ಷೆ ಓದಲು ನನಗೆ ಯಾರ ಸಹಾಯವೂ ಬೇಕಿರಲಿಲ್ಲ. ೨೦೦೭ರ ಹೊತ್ತಿಗೆ ಐರೋಲಿ ಮತ್ತು ಮಹಾಪೆಯ ನಲವತ್ತಾರು ಲಿಫ್ಟುಗಳು ನನ್ನ ಸುಪರ್ದಿಯಲ್ಲಿದ್ದವು. ಡಿಪ್ಲೊಮಾ ಮಾಡಿದವರು ಕೈಬಿಟ್ಟದ್ದನ್ನು ನಾನು ಓಡಿಸಿ ತೋರಿಸುತ್ತಿದ್ದೆ. ಆ ಹೆಮ್ಮೆ ನನಗೆ ಚೆನ್ನಾಗಿಯೇ ಇತ್ತು.

ಲಿಫ್ಟಿನ ಬಾಗಿಲಿಗೆ ಒಂದು ಕಾಂಟ್ಯಾಕ್ಟ್ ಇರುತ್ತದೆ. ಬಾಗಿಲು ಪೂರ್ತಿ ಮುಚ್ಚದೆ ಲಿಫ್ಟ್ ಚಲಿಸದಂತೆ ತಡೆಯುವುದು ಅದರ ಕೆಲಸ. ಸರ್ವಿಸ್ ಮಾಡುವಾಗ ಮಾತ್ರ ಬಾಗಿಲು ತೆರೆದೇ ಓಡಿಸಿ ನೋಡಬೇಕಾಗುತ್ತದೆ. ಅದಕ್ಕಾಗಿ ತಾರಸಿಯ ಮಷಿನ್ ರೂಮಿನ ಪ್ಯಾನೆಲ್‌ನಲ್ಲಿ ಗೇಣುದ್ದದ ಒಂದು ವೈರ್ ಸಿಕ್ಕಿಸುತ್ತೇವೆ. ಜಂಪರ್ ಅಂತ ಹೆಸರು; ಅದು ಇರುವಷ್ಟು ಹೊತ್ತು ಕಾಂಟ್ಯಾಕ್ಟ್ ಲಿಫ್ಟನ್ನು ತಡೆಯುವುದಿಲ್ಲ. ಕೆಲಸ ಮುಗಿದ ಕೂಡಲೇ ತೆಗೆಯಬೇಕು. ಆ ಆಗಸ್ಟ್‌ನ ಒಂದು ಗುರುವಾರ, ಐರೋಲಿಯ ಒಂದು ಹೌಸಿಂಗ್ ಸೊಸೈಟಿಯ ಏಳು ಮಹಡಿಯ ಕಟ್ಟಡದಲ್ಲಿ, ನಾನು ತೆಗೆಯಲು ಮರೆತೆ. ಅದು ಆ ದಿನದ ಒಂಬತ್ತನೇ ಲಿಫ್ಟು. ಕಾರಣವೆಂದು ಹೇಳುತ್ತಿಲ್ಲ, ಎಣಿಕೆ ಹೇಳಿದೆ ಅಷ್ಟೆ.

ಶುಕ್ರವಾರ ಬೆಳಿಗ್ಗೆ ಎಲ್ಲರೂ ಆಜಿ ಎನ್ನುತ್ತಿದ್ದ ನಾಲ್ಕನೇ ಮಹಡಿಯ ಮರಾಠಿ ಅಜ್ಜಿ ಲಿಫ್ಟಿನೊಳಗೆ ಒಂದು ಕಾಲಿಟ್ಟಿದ್ದರು. ಮೇಲೆ ಯಾರೋ ಬಟನ್ ಒತ್ತಿದರು. ಬಾಗಿಲು ತೆರೆದಿದ್ದಂತೆಯೇ ಲಿಫ್ಟ್ ಏರಿತು. ಕೂಗು ಕೇಳಿದ ವಾಚ್‌ಮನ್ ರಾಮ್‌ಧನಿ ಕೆಳಗೆ ಮೇನ್ ಸ್ವಿಚ್ ಆರಿಸಿದ. ಇಲ್ಲದಿದ್ದರೆ ಆಜಿಯ ಪಾದದ ಗಂಟು ಮುರಿದಷ್ಟಕ್ಕೆ ಮುಗಿಯುತ್ತಿರಲಿಲ್ಲ.

ಫೋನ್ ಬಂದ ತಕ್ಷಣ ನಾನು ಮಷಿನ್ ರೂಮಿಗೆ ಹತ್ತಿದೆ. ಜಂಪರ್ ಅಲ್ಲೇ ಇತ್ತು. ತೆಗೆದು ಜೇಬಿಗೆ ಹಾಕಿಕೊಂಡೆ. ಆಮೇಲೆ ಸೊಸೈಟಿ ಕಮಿಟಿಯವರ ಎದುರು ಲಿಫ್ಟ್ ಓಡಿಸಿ ತೋರಿಸಿದೆ, ಸರಿಯಾಗಿಯೇ ಓಡಿತು. "ಈ ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ತೆರೆಯುವ ಕೀಲಿ ಇರುವುದು ವಾಚ್‌ಮನ್ ಹತ್ತಿರ ಮಾತ್ರ" ಎಂದೆ. ಆ ಮಾತು ನಿಜವೇ ಆಗಿತ್ತು. ಕೀಲಿಯಿಂದ ಅವನೇ ಏನೋ ಕೆಡಿಸಿರಬೇಕೆಂದು ಅವರೇ ಅರ್ಥ ಮಾಡಿಕೊಂಡರು. ಶನಿವಾರ ಅವನನ್ನು ಕೆಲಸದಿಂದ ತೆಗೆದರು.

ಭಾನುವಾರ ಸಂಜೆ ಠಾಣೆಯ ನೌಪಾಡಾದಲ್ಲಿ ಸುಗುಣಕ್ಕನ ಮನೆಯಲ್ಲಿ ನಮ್ಮ ಕನ್ನಡ ಕ್ರೈಸ್ತ ಕುಟುಂಬಗಳ ಗೃಹಪ್ರಾರ್ಥನೆ. ಸುಗುಣಕ್ಕ ನಿವೃತ್ತ ನರ್ಸ್. ಗಟ್ಟಿಯಾಗಿ ಪ್ರಾರ್ಥಿಸುವ ಸರದಿ ನನ್ನದಾಗಿತ್ತು. ಹೆಚ್ಚು ಓದದವನಾದರೂ ನನ್ನ ಪ್ರಾರ್ಥನೆಗೆ ಒಳ್ಳೆಯ ಹೆಸರಿತ್ತು. ಆಜಿಯ ಕಾಲಿಗಾಗಿ ಬೇಡಿದೆ. "ಆ ಕಾವಲುಗಾರನ ಅಜಾಗ್ರತೆಯನ್ನೂ ಕ್ಷಮಿಸು ಸ್ವಾಮೀ" ಎಂದೆ. ಎಲ್ಲರೂ ಆಮೆನ್ ಅಂದರು.

ಚಹಾ ಕೊಡುವಾಗ ಸುಗುಣಕ್ಕ ನನ್ನ ಪಕ್ಕ ಕೂತರು.

"ಜಯಕರ, ನೀನು ಪ್ರಾರ್ಥನೆ ಭಾರಿ ಚಂದ ಮಾಡ್ತಿ ಮಾರಾಯ. ದೇವರಿಗೂ ಚಪ್ಪಾಳೆ ತಟ್ಟುವಾ ಅಂತ ಕಂಡಿರ್ಬೇಕು. ಆದ್ರೆ ಆ ವಾಚ್‌ಮನ್‌ನ ಪಾಪ ಒಪ್ಪಿಸ್ಲಿಕ್ಕೆ ನಿನ್ನನ್ನು ಕಳಿಸಿದ್ದು ಯಾರು? ನಿಂದೇ ಏನೂ ಇರ್ಲಿಲ್ವಾ?"

"ನಂದೇನುಂಟು ಅಕ್ಕಾ?"

"ಅದು ನಂಗೆ ಹೇಗೆ ಗೊತ್ತು? ಚಾ ಕುಡಿ, ತಣ್ಣಗಾಗ್ತದೆ."

ಮುಂದಿನ ಐದು ದಿನವೂ ಡೊಂಬಿವಿಲಿಯ ಮನೆಯಲ್ಲಿ ಬೆಳಿಗ್ಗೆ ಮೊಣಕಾಲೂರಿದೆ. "ನನ್ನ ಎಲ್ಲ ಪಾಪಗಳನ್ನು ಕ್ಷಮಿಸು" ಎಂದು ಹೇಳಿ ಏಳುತ್ತಿದ್ದೆ. ಎಲ್ಲವನ್ನೂ ಒಟ್ಟಿಗೆ ಹೇಳಿದರೆ ನಾಲಿಗೆಗೆ ಭಾರವಿಲ್ಲ. ಜಂಪರ್ ಎಂಬ ಒಂದು ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ದಿನವಿಡೀ ಮಷಿನ್ ರೂಮುಗಳಿಗೆ ಹತ್ತಿ ಇಳಿದು ದಣಿಯುವುದು ನನಗೆ ಹೊಸತಲ್ಲ. ಪ್ರಾರ್ಥನೆಯಿಂದ ದಣಿದದ್ದು ಆ ವಾರ ಮಾತ್ರ.

ಶನಿವಾರ ಮಧ್ಯಾಹ್ನ ಅದೇ ಕಟ್ಟಡದ ಮಷಿನ್ ರೂಮಿನಲ್ಲಿ, ಎಣ್ಣೆಯ ವಾಸನೆಯ ನಡುವೆ ನಿಂತು ದೇವರಿಗೆ ಹೇಳಿದೆ: "ಜಂಪರ್ ಬಿಟ್ಟವ ನಾನು. ಅಡಗಿಸಿದವನೂ ನಾನೇ. ನಿನ್ನ ಎದುರು ಅವನ ಮೇಲೆ ಹೊರಿಸಿದ್ದೂ ನಾನೇ." ಮನಸ್ಸು ಹಗುರವಾಗಲಿಲ್ಲ. ಇಷ್ಟು ಹೇಳಿದ ಮೇಲೆ ಸುಮ್ಮನೆ ಮನೆಗೆ ಹೋಗುವ ದಾರಿ ಉಳಿದಿರಲಿಲ್ಲ. ಮೆಟ್ಟಿಲಿಳಿದು ಸೊಸೈಟಿಯ ಸೆಕ್ರೆಟರಿಯ ಬಳಿ ಹೋದೆ.

ಅವರು ಬರೆದುಕೊಡಲು ಹೇಳಿದರು. ನನಗೆ ಬರೆಯಲು ಬರುವುದು ಕನ್ನಡ ಒಂದೇ. "ಅರೇ, ಯೇ ಪಢೇಗಾ ಕೌನ್?" ಇದನ್ನು ಓದುವವರು ಯಾರು ಎಂದು ಸೆಕ್ರೆಟರಿ ತಲೆ ಚಚ್ಚಿಕೊಂಡರು. ಗೇಟಿನ ಎದುರಿನ ಹೋಟೆಲಿನ ಶೆಟ್ಟರನ್ನು ಕರೆಸಿದರು. ನನ್ನ ಊರಿನ ಕಡೆಯವರು, ಆ ಕಡೆ ಹೋದಾಗಲೆಲ್ಲ ನನಗೆ ಚಹಾ ಕೊಡುತ್ತಿದ್ದವರು. ಅವರು ನನ್ನ ತಪ್ಪನ್ನು ಕಮಿಟಿಯ ಎದುರು ಹಿಂದಿಯಲ್ಲಿ ಗಟ್ಟಿಯಾಗಿ ಓದಿದರು. ಮುಗಿಸಿ, ನನ್ನ ಮುಖ ನೋಡದೆ, "ನೀರು ಕುಡೀತೀರಾ?" ಎಂದರು.

ಕಂಪನಿ ನನ್ನನ್ನು ತೆಗೆಯಿತು. ಕಲ್ಯಾಣ್‌ನಲ್ಲಿ ನೆಂಟರ ಮನೆಯಲ್ಲಿದ್ದ ರಾಮ್‌ಧನಿಯನ್ನು ಸೊಸೈಟಿ ಮತ್ತೆ ಕರೆಯಿತು. ಕ್ಷಮೆ ಕೇಳಲು ಹೋದಾಗ ಅವನು ಸ್ಟೂಲಿನಿಂದ ಏಳಲಿಲ್ಲ.

"ಉಸ್ತಾದ್, ಆಠ್ ದಿನ್ ಕಾಹೇ ಲಗೇ?"

ಎಂಟು ದಿನ ಯಾಕೆ ಬೇಕಾಯಿತು? ಕ್ಷಮಿಸಿದೆ ಎಂದು ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೆ: ದೋಷ ಎಲ್ಲಿದೆಯೋ ಅಲ್ಲಿಗೇ ಬೆರಳಿಡಬೇಕು, ದೇವರ ಎದುರಿನಲ್ಲಂತೂ ಮೊದಲು. ಹೇಳಿದ ಮೇಲೂ ಎಲ್ಲವೂ ಸರಿಯಾಗುತ್ತದೆಂದು ನಾನು ಹೇಳಲಾರೆ. ಈಗ ನನಗಿರುವುದು ಡೊಂಬಿವಿಲಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆ. ಸ್ವಂತವಾಗಿ ನೋಡಿಕೊಳ್ಳುವ ಹನ್ನೊಂದು ಲಿಫ್ಟುಗಳು. ನೋಯುವ ಎರಡು ಮೊಣಕಾಲು. ಮತ್ತು ಉತ್ತರ ಕೊಡದೆ ಉಳಿದ ಒಂದು ಪ್ರಶ್ನೆ.