ರೇಣುಕಪ್ಪನ ಗಾಡಿಯ ವಾಟ

ಪಿಕಪ್ ಗಾಡಿ ಇಟ್ಟುಕೊಳ್ಳುವ ಮೊದಲು ರೇಣುಕಪ್ಪ ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿದವನು. ಕಿಗ್ಗದ ಸುತ್ತಮುತ್ತ ಅವನು ಎಬ್ಬಿಸಿದ ಗೋಡೆಗಳು, ಹಾಕಿದ ಕೊಟ್ಟಿಗೆಯ ನೆಲಗಳು ಇಂದಿಗೂ ಬಿರುಕು ಬಿಟ್ಟಿಲ್ಲ. ಸಾರುವೆಯಿಂದ ಬಿದ್ದು ಸೊಂಟಕ್ಕೆ ಪೆಟ್ಟಾದ ಮೇಲೆ ಕರಣೆ, ತೂಗುಗುಂಡುಗಳನ್ನೆಲ್ಲ ಯಾರಿಗೋ ಕೊಟ್ಟುಬಿಟ್ಟ. ರಸಮಟ್ಟವನ್ನು ಮಾತ್ರ ಕೊಡಲಿಲ್ಲ. ನೆಲ ಸಮವಾಗಿದ್ದರೆ ಗಾಜಿನ ಕೊಳವೆಯ ನಡುವೆ ಗುಳ್ಳೆ ನಿಲ್ಲುವ ಆ ಮೊಳದುದ್ದದ ಮರದ ಪಟ್ಟಿ ಗಾಡಿಯ ಸೀಟಿನ ಹಿಂದೆ ಬಟ್ಟೆ ಸುತ್ತಿಕೊಂಡು ಮಲಗಿರುತ್ತಿತ್ತು.

ಎರಡು ಸಾವಿರದ ಆರನೆಯ ಇಸವಿಯ ಜನವರಿ. ಸಿರಿಮನೆಯ ದಾರಿಯ ಮೇಲುಗಡೆ ಸುಬ್ರಾಯರ ಕಾಫಿ ತೋಟದಲ್ಲಿ ಹಣ್ಣು ಕೊಯ್ಲು ನಡೆದಿತ್ತು. ಕೊಯ್ಯುವ ಹನ್ನೊಂದು ಮಂದಿ ಹೆಂಗಸರನ್ನು ಬೆಳಿಗ್ಗೆ ಮೇಲಕ್ಕೆ ಮುಟ್ಟಿಸಿ, ಸಂಜೆ ಇಳಿಸುವುದು ರೇಣುಕಪ್ಪನ ಕೆಲಸ. ಹಿಂದಿನ ತಿಂಗಳು, ಡಿಸೆಂಬರಿನಲ್ಲಿ, ಒಂದು ದಿನ ಅಕಾಲದ ಮಳೆ ಬಂದು ಮಣ್ಣು ಒದ್ದೆಯಾಗಿತ್ತು. ಹಲಸಿನ ಮರದ ತಿರುವಿನಲ್ಲಿ ಚಕ್ರ ಗಿರ್ರನೆ ಸುತ್ತಿ, ಗಾಡಿ ಹೆಂಗಸರ ಸಮೇತ ಎರಡು ಮಾರು ಹಿಂದಕ್ಕೆ ಜಾರಿತು. ರಸ್ತೆಗಾಗಿ ಗುಡ್ಡ ಕಡಿದ ಧರೆಯ ಕಲ್ಲೊಂದು ತಡೆಯದಿದ್ದರೆ ಕೆಳಗೆ ಹಳ್ಳ. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಅಂದಿನಿಂದ ಯಾರೂ ಅವನ ಗಾಡಿ ಹತ್ತಲಿಲ್ಲ.

ಗುಂಪಿನ ಹಿರಿಯಳು ಯಲ್ಲಕ್ಕ. ಒಂದು ಕಾಲದಲ್ಲಿ ರೇಣುಕಪ್ಪನಿಗೆ ಗಾರೆ ಕಲಸಿ ಹೊತ್ತು ಕೊಟ್ಟವಳು. ಅವಳು ಹೇಳಿದ ಮೇಲೆ ಉಳಿದವರು ಮೀರುತ್ತಿರಲಿಲ್ಲ.

"ಬುತ್ತಿನಾದ್ರೂ ಗಾಡೀಲಿ ಇಡಿ ಯಲ್ಲಕ್ಕ, ಯಾಕೆ ಹೊರ್ತೀರಿ?" ಎಂದು ರೇಣುಕಪ್ಪ ಒಂದು ಬೆಳಿಗ್ಗೆ ಅಂಗಲಾಚಿದ.

"ಬುತ್ತೀಗೂ ಜೀವದ ಆಸೆ ಉಂಟು ಮಾರಾಯ," ಎಂದು ಯಲ್ಲಕ್ಕ ನಿಲ್ಲದೆ ನಡೆದಳು. ಹಿಂದಿದ್ದವರು ಕಿಸಕ್ಕನೆ ನಕ್ಕರು.

ಆ ನಗು ರೇಣುಕಪ್ಪನಿಗೆ ಸೊಂಟದ ನೋವಿಗಿಂತ ಹೆಚ್ಚು ಚುಚ್ಚಿತು. ತನ್ನ ಕೈಕೆಲಸವನ್ನು ನಂಬಿ ಬದುಕಿದವನು ಅವನು. ಅವನು ಕಟ್ಟಿದ ಗೋಡೆಯ ಪಕ್ಕದಲ್ಲಿ ಮಲಗಲು ಯಾರೂ ಹೆದರಿದ್ದಿಲ್ಲ. ಈಗ ಅವನು ಬರುವುದನ್ನು ಕಂಡರೆ ಹೆಂಗಸರು ರಸ್ತೆಯ ಅಂಚಿಗೆ ಸರಿಯುತ್ತಿದ್ದರು. ನಡೆದು ಬರುವವರಿಗೆ ಹೊತ್ತಾಗುತ್ತಿದೆಯೆಂದು ಸುಬ್ರಾಯರೂ ಗೊಣಗಿದರು. ಬರುವ ಸೋಮವಾರದೊಳಗೆ ಹೆಂಗಸರು ಅವನ ಗಾಡಿ ಹತ್ತದಿದ್ದರೆ ಬೇಗಾರಿನಿಂದ ಬೇರೆ ಗಾಡಿ ಕರೆಸುವುದಾಗಿ ಮೆತ್ತಗೆ ಹೇಳಿದರು.

ರೇಣುಕಪ್ಪ ಗಾಡಿಯನ್ನು ಸುತ್ತಿ ಸುತ್ತಿ ನೋಡಿದ. ಟೈರು ಸವೆದಿತ್ತು, ಅದು ಸರಿ. ಆದರೆ ಅವನ ಕಣ್ಣಿಗೆ ಇನ್ನೊಂದು ಕುಂದು ಕಂಡಿತು. ಗಾಡಿ ಖಾಲಿ ನಿಂತಾಗ ಹಿಂಭಾಗ ಎತ್ತರ, ಮೂಗು ತಗ್ಗು. ಹಿಂದಿನ ತೊಟ್ಟಿಯ ನೆಲದ ಮೇಲೆ ರಸಮಟ್ಟ ಇಟ್ಟ. ಗುಳ್ಳೆ ಹಿಂದಕ್ಕೆ ಓಡಿತು. ಓರೆಯಾಗಿರುವುದೇ ರೋಗವೆಂದು ಅವನು ತೀರ್ಮಾನಿಸಿಬಿಟ್ಟ.

ಶುಕ್ರವಾರ ಕೊಪ್ಪದಲ್ಲಿ ರಘುಪತಿಯ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದ. ರಘುಪತಿ ಒಂದು ಜೀಪಿನ ಕೆಳಗಿನಿಂದ ತಲೆ ಹೊರಗೆ ಹಾಕಿದ.

"ಎಂತದು ಕೈಯಲ್ಲಿ? ಮನೆ ಕಟ್ಟಕ್ಕೆ ಬಂದ್ಯಾ?"

"ಗಾಡಿ ಮಟ್ಟ ಮಾಡ್ಬೇಕು. ಗುಳ್ಳೆ ನಡುವೆ ನಿಲ್ಬೇಕು. ಹಿಂದೆ ಒಂದು ಪ್ಲೇಟು ತೆಗಿ, ಮುಂದೆ ಒಂದು ಹಾಕು."

ಚಕ್ರದ ಮೇಲೆ ಒಂದರ ಕೆಳಗೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳಿಗೆ ಅಲ್ಲೆಲ್ಲ ಪ್ಲೇಟು ಎನ್ನುತ್ತಾರೆ. ಗಾಡಿಯ ಹೊರೆಯನ್ನೆಲ್ಲ ಹೊರುವುದು ಅವೇ.

ರಘುಪತಿ ಎದ್ದು ಕೈ ಒರೆಸಿಕೊಂಡ. "ಹಿಂದೆ ಎತ್ತರ ಇರೋದು ರೋಗ ಅಲ್ಲ ಮಾರಾಯ. ಗಾಡಿ ಹಂಗೇ ಹುಟ್ಟಿದ್ದು. ಹಿಂದಕ್ಕೆ ಇನ್ನೊಂದು ಪ್ಲೇಟು ಸೇರಿಸ್ತೀನಿ. ಮುಂದೆ ಗೆರೆ ಟೈರು, ಹಿಂದೆ ಬಟನ್ ಟೈರು, ಇದೇ ಅಳತೇದು ಹಾಕ್ಕೋ. ಸಾಕು."

"ಬೇಗಾರಿನ ಜೀಪಿಗೆ ನಾಲ್ಕೂ ದೊಡ್ಡ ಬಟನ್ ಉಂಟು. ಎಂಥ ಕೆಸರಲ್ಲೂ ಹತ್ತುತ್ತೆ."

"ಅದು ಜೀಪು. ನಿಂದು ಪಿಕಪ್ಪು."

"ನಿಂಗೆ ನಟ್ಟು ಗೊತ್ತು ರಘು, ಮಟ್ಟ ನಂಗೆ ಗೊತ್ತು."

ರಘುಪತಿಗೆ ಆ ಮಾತು ನಾಟಿರಬೇಕು. ಹೇಳಿದಂತೆ ಹಿಂದಿನ ಎರಡೂ ಕಟ್ಟಿನಿಂದ ಒಂದೊಂದು ಪ್ಲೇಟು ಬಿಚ್ಚಿದ, ಮುಂದೆ ಒಂದೊಂದು ಸೇರಿಸಿದ. ಗುಳ್ಳೆ ಸರಿಯಾಗಿ ನಡುವೆ ನಿಂತಿತು. ರೇಣುಕಪ್ಪ ಹೊರಟಾಗ ರಘುಪತಿ ಬಾಗಿಲಿಗೆ ಬಂದು ಒಂದೇ ಮಾತು ಹೇಳಿದ: "ಹೊರೆ ಹಾಕಿ ಒಂದು ಸಲ ಏರು ಹತ್ತಿಸಿ ನೋಡು. ಅದಕ್ಕಿಂತ ಮೊದ್ಲು ಹೆಣ್ಣುಮಕ್ಕಳನ್ನ ಹತ್ತಿಸ್ಬೇಡ."

ಅಲ್ಲಿಂದ ಶೆಟ್ಟಿಕೊಪ್ಪದ ಮೇಲೆ ನರಸಿಂಹರಾಜಪುರಕ್ಕೆ ಹೋಗಿ, ಅಂಗಡಿಯಲ್ಲಿದ್ದ, ಮೈಮೇಲೆ ಗುಂಡಿಯಂಥ ಉಬ್ಬುಗಳಿರುವ ಅತಿ ದಪ್ಪ ಬಟನ್ ಟೈರುಗಳನ್ನು ನಾಲ್ಕು ಚಕ್ರಕ್ಕೂ ಹಾಕಿಸಿದ. ಮರಳುವಾಗ ಗಾಡಿ ಗತ್ತಿನಿಂದ ತಲೆಯೆತ್ತಿ ನಿಂತಂತೆ ಕಾಣುತ್ತಿತ್ತು.

ಶನಿವಾರ ಬೆಳಿಗ್ಗೆ ಅವನು ಹದಿನೆಂಟು ಮೂಟೆ ಸಿಮೆಂಟು ಹೇರಿಕೊಂಡು ಏರಿನ ಬುಡದಲ್ಲಿ ಕಾದು ನಿಂತ. ಸುಬ್ರಾಯರ ಕಾಫಿ ಒಣಗಿಸುವ ಕಣ ದೊಡ್ಡದು ಮಾಡಲು ಬೇಕಾದ ಸಿಮೆಂಟು ಅದು. ಹೆಂಗಸರು ನಡೆದು ಬಂದರು. ಯಲ್ಲಕ್ಕ ಟೈರನ್ನು ಕಾಲಿನಿಂದ ತಟ್ಟಿ ನೋಡಿದಳು.

"ನಿನ್ನೆ ರಸಮಟ್ಟ ಇಟ್ಟು ಮಾಡಿಸಿದ್ದು ಯಲ್ಲಕ್ಕ. ಗುಳ್ಳೆ ಒಂದು ಕೂದಲೂ ಆಚೀಚೆ ಇರ್ಲಿಲ್ಲ."

ರಸಮಟ್ಟವೆಂದರೆ ಅವಳಿಗೂ ಗೌರವ. "ಇವ್ರು ನಡೀಲಿ. ನಾನೊಬ್ಳು ಮುಂದೆ ಕೂತು ನೋಡ್ತೀನಿ. ಸತ್ರೆ ಮುದುಕಿ ಸತ್ಳು ಅಂತ ಆಗ್ತದೆ."

"ಬಿಡ್ತು ಅನ್ನು!"

"ನೀನು ಗಾಡಿ ಬಿಡು ಮೊದ್ಲು."

ರಘುಪತಿಯ ಎಚ್ಚರಿಕೆ ರೇಣುಕಪ್ಪನಿಗೆ ನೆನಪಾಯಿತು. ಆದರೆ ಇಂದು ಬೇಡವೆಂದರೆ ಅವಳು ಇನ್ನೆಂದೂ ಹತ್ತುವವಳಲ್ಲ. ಬಾಗಿಲು ತೆರೆದ.

ಮೊದಲ ಏರಿನಲ್ಲಿ ಟೈರು ಮಣ್ಣನ್ನು ಕಚ್ಚಿ ಹಿಡಿಯಿತು. ಎರಡನೆಯ ಏರಿನಲ್ಲಿ ಸ್ಟಿಯರಿಂಗು ಕೈಗೆ ಹಗುರವಾಗತೊಡಗಿತು. ಅವನು ತಿಳಿದೂ ತಿಳಿಯದವನಂತೆ ಇದ್ದ. ಯಲ್ಲಕ್ಕ ಸೀಟಿನ ಅಂಚಿಗೆ ಸರಿದು ಕತ್ತು ಚಾಚಿದಳು.

"ಅಲ್ಲ ಮಾರಾಯ, ರಸ್ತೆ ಎಲ್ಲುಂಟು? ನಂಗೆ ಬರೀ ಮರದ ತುದಿ ಕಾಣ್ತದೆ."

ಅವನಿಗೂ ಅಷ್ಟೇ ಕಾಣುತ್ತಿತ್ತು. ಹಿಂಭಾಗ ಸಿಮೆಂಟಿನ ಭಾರಕ್ಕೆ ಕುಸಿದು ಮೂಗು ಆಕಾಶ ನೋಡುತ್ತಿತ್ತು. ಅಷ್ಟರಲ್ಲಿ ಹಲಸಿನ ಮರ ಬಂತು. ಅವನು ಬಲಕ್ಕೆ ತಿರುಗಿಸಿದ. ಮುಂದಿನ ಚಕ್ರಗಳು ತಿರುಗಿದವು, ಗಾಡಿ ಮಾತ್ರ ನೇರ ಹೋಯಿತು. ಇನ್ನೂ ಎಳೆದ. ಕರಕರ ಎಂಬ ಸದ್ದು ಬಂದು ಸ್ಟಿಯರಿಂಗು ಅಲ್ಲೇ ಸಿಕ್ಕಿಕೊಂಡಿತು. ದಪ್ಪ ಟೈರು ಪ್ಲೇಟಿಗೆ ಉಜ್ಜುತ್ತಿತ್ತು. ಅವನು ಬ್ರೇಕಿನ ಮೇಲೆ ನಿಂತೇಬಿಟ್ಟ.

ಗಾಡಿ ನಿಂತಿತು. ಎಡಗಡೆಯ ಮುಂದಿನ ಚಕ್ರದಿಂದ ರಸ್ತೆಯ ಅಂಚಿಗೆ ಒಂದು ಗೇಣು ಉಳಿದಿತ್ತು. ಅಂಚಿನ ಮಣ್ಣು ಪುಡಿಪುಡಿಯಾಗಿ ಹಳ್ಳಕ್ಕೆ ಉದುರುವ ಸದ್ದು ಒಳಗೆ ಕೇಳಿಸಿತು.

"ಯಲ್ಲಕ್ಕ, ಹಂದಾಡ್ಬೇಡ."

ಅವಳ ಬಾಗಿಲು ಹಳ್ಳದ ಕಡೆಗಿತ್ತು. ಅವನ ಮುಖ ನೋಡಿದಳು. "ನಿನ್ನ ಕಡೆಯಿಂದ ಇಳೀಲಾ?"

"ಇಳಿ. ನನ್ನ ಹಿಂದಿನಿಂದ ದಾಟು. ಬ್ರೇಕಿಂದ ಕಾಲು ತೆಗೆಯೋ ಹಂಗಿಲ್ಲ."

ಐವತ್ತೈದು ವರ್ಷದ ಆ ಹೆಂಗಸು ಅವನ ಬೆನ್ನಿಗೂ ಸೀಟಿಗೂ ನಡುವೆ ನುಸುಳಿ ಕೆಳಗಿಳಿದಳು. ಓಡಿಹೋಗಲಿಲ್ಲ. ಧರೆಯಿಂದ ಕಲ್ಲುಗಳನ್ನು ಕಿತ್ತು ಹಿಂದಿನ ಚಕ್ರಗಳಿಗೆ ಒತ್ತು ಕೊಟ್ಟಳು. ಆಮೇಲೆ ಬಾಯಿಗೆ ಕೈಯಿಟ್ಟು ಕೆಳಗಿನಿಂದ ನಡೆದು ಬರುತ್ತಿದ್ದವರನ್ನು ಕೂಗಿದಳು.

ಹೆಂಗಸರು ಏದುಸಿರು ಬಿಡುತ್ತ ಬಂದರು. ಕಿಟಕಿಯ ಬಳಿ ಯಲ್ಲಕ್ಕನ ಮುಖ ಬಂತು.

"ಹಿಂದಿನ ಭಾರ ಇಳ್ಸಿದ್ರೆ ಮೂಗು ಕೂರ್ತದಾ?"

"ಕೂರ್ಬೇಕು. ಮೆಲ್ಲಗೆ ಇಳ್ಸಿ. ಗಾಡಿ ಅಲುಗ್ಬಾರ್ದು."

ತಾರಸಿ ಹಾಕುವಾಗ ಬಾಂಡ್ಲಿ ದಾಟಿಸುವಂತೆ ಹೆಂಗಸರು ಸಾಲಾಗಿ ನಿಂತರು. ಐವತ್ತು ಕಿಲೋ ತೂಕದ ಮೂಟೆಗೆ ಇಬ್ಬರಂತೆ ಕೈಯಿಂದ ಕೈಗೆ ದಾಟಿಸಿದರು. ಒಂದು, ಎರಡು, ಮೂರು. ಪ್ರತಿ ಮೂಟೆಗೂ ಗಾಡಿ ಒಂದು ಸಲ ನರಳುತ್ತಿತ್ತು, ಪ್ರತಿ ನರಳಿಕೆಗೂ ರೇಣುಕಪ್ಪ ಬ್ರೇಕನ್ನು ಇನ್ನಷ್ಟು ಒತ್ತುತ್ತಿದ್ದ. ಹತ್ತನೆಯ ಮೂಟೆ ನೆಲ ಮುಟ್ಟುವ ಹೊತ್ತಿಗೆ ಮುಂದೆ ಬಾನೆಟ್ಟಿನ ಆಚೆ ಕೆಂಪು ಮಣ್ಣು ಕಂಡಿತು. ಅವನು ಹಿಂಬದಿಯ ಗೇರು ಹಾಕಿ, ಕಲ್ಲು ಸರಿಸಲು ಹೇಳಿ, ಗಾಡಿಯನ್ನು ಅಂಗುಲ ಅಂಗುಲವಾಗಿ ಹಿಂದಕ್ಕೆ ತಂದು ಧರೆಗೆ ಆನಿಸಿ ನಿಲ್ಲಿಸಿದ. ಇಳಿದವನು ಸಿಮೆಂಟಿನ ಮೂಟೆಯ ಮೇಲೆ ಕುಳಿತುಬಿಟ್ಟ.

ಯಾರೂ ಬೈಯಲಿಲ್ಲ. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು. ಯಲ್ಲಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಪಕ್ಕದ ಮೂಟೆಯ ಮೇಲೆ ಕುಳಿತಳು.

"ಜಲಜಮ್ಮನೋರ ಕೊಟ್ಟಿಗೆ ನೆಲ ಹಾಕಿದ್ದು ಯಾರು?"

"ನಾನೇ. ನೀನೇ ಅಲ್ವ ಗಾರೆ ಕೊಟ್ಟಿದ್ದು?"

"ಆ ನೆಲಕ್ಕೆ ಗುಳ್ಳೆ ನಡುವೆ ನಿಲ್ಸಿದ್ಯಾ?"

"ನಿಲ್ಸಿದ್ರೆ ಗಂಜಲ ಹರಿಯೋದು ಹೆಂಗೆ? ಎರಡು ಬೆರಳು ವಾಟ ಕೊಟ್ಟಿ..."

ಮಾತು ಅಲ್ಲೇ ನಿಂತಿತು. ನೀರು ಹರಿಯಲೆಂದು ನೆಲಕ್ಕೆ ಬೇಕೆಂದೇ ಕೊಡುವ ಇಳಿಜಾರು ವಾಟ. ಇಪ್ಪತ್ತು ವರ್ಷದಲ್ಲಿ ಅವನು ವಾಟ ಮರೆತು ಒಂದು ನೆಲವನ್ನೂ ಹಾಕಿದವನಲ್ಲ. ಮುಂದೆ ಏನು ಬೀಳುತ್ತದೆಂದು ನೋಡಿ ನೆಲ ಹಾಕಬೇಕು ಎಂದು ಎಷ್ಟು ಮಂದಿಗೆ ಪಾಠ ಹೇಳಿದ್ದ! ಗಾಡಿಯ ಎತ್ತರದ ಹಿಂಭಾಗವೂ ಬೀಳಲಿರುವ ಹೊರೆಗಾಗಿ ಕೊಟ್ಟ ವಾಟವೇ ಆಗಿತ್ತು. ಅದನ್ನು ಅವನೇ ಕೈಯಾರೆ ಕೀಳಿಸಿದ್ದ.

ಗಾಡಿಯಲ್ಲಿ ಉಳಿದಿದ್ದ ಎಂಟು ಮೂಟೆಗಳನ್ನು ಸುಬ್ರಾಯರ ಆಳುಗಳು ಮೇಲಕ್ಕೆ ಹೊತ್ತೊಯ್ದ ಮೇಲೆ, ಅಂದು ಮಧ್ಯಾಹ್ನವೇ ಖಾಲಿ ಗಾಡಿಯನ್ನು ನಿಧಾನವಾಗಿ ಓಡಿಸಿಕೊಂಡು ಕೊಪ್ಪಕ್ಕೆ ಹೋದ. ರಸಮಟ್ಟವನ್ನು ಮನೆಯಲ್ಲೇ ಬಿಟ್ಟಿದ್ದ.

"ರಘು, ಹಿಂದಕ್ಕೆ ವಾಟ ಕೊಡು."

"ಎಂತ ಕೊಡ್ಲಿ?"

"ವಾಟ, ಮಾರಾಯ. ನೀನು ಹೇಳಿದ್ದೇ. ಪ್ಲೇಟು ವಾಪಸ್ ಹಾಕು, ಇನ್ನೊಂದು ಸೇರ್ಸು. ಮುಂದಿಂದು ತೆಗಿ."

ರಘುಪತಿ ನಗಲಿಲ್ಲ. ಬಾಗಿಲ ಸಂದಿಯಿಂದ ಬಿಚ್ಚಿಟ್ಟಿದ್ದ ಎರಡು ಪ್ಲೇಟುಗಳನ್ನು ಎತ್ತಿ ತಂದ. ಎರಡರ ಮೇಲೂ ಸೀಮೆಸುಣ್ಣದಲ್ಲಿ 'ರೇಣುಕಪ್ಪ' ಎಂದು ದುಂಡಗೆ ಬರೆದಿತ್ತು.

"ಇಷ್ಟು ಬೇಗ ಬರ್ತೀ ಅಂದ್ಕೊಂಡಿರ್ಲಿಲ್ಲ," ಎಂದ.

ಭಾನುವಾರ ಟೈರಿನ ಅಂಗಡಿಯವನ ಕೈಕಾಲು ಹಿಡಿದು ದಪ್ಪ ಟೈರು ಬದಲಾಯಿಸಿದ್ದಾಯಿತು. ಮುಂದೆ ಗೆರೆ, ಹಿಂದೆ ಬಟನ್, ಹಳೆಯ ಅಳತೆಯವೇ. ಅಲ್ಲಿಂದ ಬಂದವನು ತಿರುವಿನಲ್ಲಿ ಇಳಿಸಿಟ್ಟಿದ್ದ ಹತ್ತು ಮೂಟೆ ಸಿಮೆಂಟಿನ ಜೊತೆ ಎಂಟು ಮೂಟೆ ಜಲ್ಲಿ ಹೇರಿಕೊಂಡು, ಒಬ್ಬನೇ, ಆ ಏರನ್ನು ಮೂರು ಸಲ ಹತ್ತಿ ಇಳಿದ. ಸ್ಟಿಯರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿದ. ಎಲ್ಲಿಯೂ ಉಜ್ಜಲಿಲ್ಲ.

ಸೋಮವಾರ ಬೆಳಿಗ್ಗೆ ಏರಿನ ಬುಡದಲ್ಲಿ ಗಾಡಿ ನಿಲ್ಲಿಸಿ ಪಕ್ಕಕ್ಕೆ ಸರಿದು ನಿಂತ. ಹತ್ತಿರಿ ಎಂದು ಕರೆಯುವ ಬಾಯಿ ಅವನಿಗಿರಲಿಲ್ಲ. ಯಲ್ಲಕ್ಕ ಗಾಡಿಯ ಸುತ್ತ ಒಂದು ಸುತ್ತು ಬಂದಳು.

"ಹಿಂದೆ ಎತ್ತರ ಕಾಣ್ತದಲ್ಲ?"

"ಹೌದು."

"ರಸಮಟ್ಟ ಎಲ್ಲಿ?"

"ಮನೇಲಿ ಉಂಟು."

ಅವಳು ತಲೆಯ ಮೇಲಿನ ಬುತ್ತಿಯ ಗಂಟನ್ನು ಇಳಿಸಿ ಗಾಡಿಯೊಳಗಿಟ್ಟಳು. ಸ್ವಲ್ಪ ತಡೆದು ತಾನೂ ಹತ್ತಿದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬೊಬ್ಬರಾಗಿ ಹಿಂದೆ ಹತ್ತಿದರು. ಯಲ್ಲಕ್ಕ ಕ್ಯಾಬಿನ್ನಿನ ತಲೆಯ ಮೇಲೆ ಎರಡು ಸಲ ಬಡಿದಳು.

ಮೊದಲ ಏರಿನಲ್ಲಿ ಹಿಂದೆ ಮಾತು, ನಗು ಕೇಳುತ್ತಿತ್ತು. ಎರಡನೆಯ ಏರಿನಲ್ಲಿಯೂ ಕೇಳುತ್ತಿತ್ತು. ಹಲಸಿನ ಮರ ಕಾಣುತ್ತಲೇ ಒಮ್ಮೆಗೇ ಎಲ್ಲ ನಿಂತುಹೋಯಿತು. ರೇಣುಕಪ್ಪನಿಗೆ ಇಂಜಿನಿನ ಸದ್ದೂ ಕೇಳಲಿಲ್ಲ. ಆ ಹನ್ನೊಂದು ಮಂದಿಯ ಮೌನವಷ್ಟೇ ಬೆನ್ನಿಗೆ ಒತ್ತುತ್ತಿತ್ತು. ಅವನು ಬಲಕ್ಕೆ ತಿರುಗಿಸಿದ. ಮುಂದಿನ ಚಕ್ರಗಳು ನೆಲ ಕಚ್ಚಿ, ಎಳೆದತ್ತ ಬಂದವು. ಮರ ಹಿಂದಾಯಿತು.

"ಹ್ಞಾಂ, ಮತ್ತೆ ನಿನ್ನ ಸೊಸೆ ಎಂತ ಅಂದ್ಳು ಹೇಳು," ಎಂದು ಹಿಂದಿನಿಂದ ಯಲ್ಲಕ್ಕನ ದನಿ ಬಂತು. ನಿಂತಿದ್ದ ಮಾತು ಮತ್ತೆ ಶುರುವಾಯಿತು.